ಒಂದು ಪರಸಿ ಕಡಿಮೆ

ಸೋಸಿದ ಚಹಾಪುಡಿಯನ್ನು ಹಳೆಯ ಪೇಪರಿನ ಮೇಲೆ ಹರವುತ್ತಿರುವುದು ನನ್ನದೇ ಕೈ, ಬೆರಳ ತುದಿ ಸುಡುತ್ತಿದೆ, ಗಂಟು ಒಡೆದು ತೆಳ್ಳಗೆ ಮಾಡಿ ಕಿಟಕಿಯ ಬಿಸಿಲಿಗೆ ಸರಿಸಿದ ಮೇಲೆಯೇ ತಿಳಿಯುತ್ತದೆ ಇದು ಯಾರಿಗೂ ಬೇಕಾಗಿಲ್ಲ ಎಂದು — ಒಣಗಿದರೆ ಕಾಡಿನ ನೆಲದ ಉದುರೆಲೆ ಆಗ್ತದ ನೋಡು, ಅಂಗಡ್ಯಾಗಿಂದು ತರಬೇಕಂದ್ರ ಚಿಟಿಕಿಗಿಷ್ಟು ಅಂತ ರೊಕ್ಕ, ಇದು ಪುಕ್ಕಟ, ಚಹಾನೂ ಕುಡದಂಗಾತು, ಎಂದು ನನ್ನ ಗಂಡ ಮುಬೀನ ನಕ್ಕ ದಿನದಿಂದ ಈ ಮನೆಯಲ್ಲಿ ಚಹಾಪುಡಿ ಕಸದ ಬುಟ್ಟಿಗೆ ಬಿದ್ದಿಲ್ಲ, ಅವನನ್ನು ಮಣ್ಣು ಮಾಡಿ ಬಂದ ದಿನ ಮಾತ್ರ ಪಾತೇಲಿಗಟ್ಟಲೆ ಚಹಾ ಆಯಿತು, ಅಷ್ಟು ಪುಡಿಯನ್ನು ಯಾರು ಎಲ್ಲಿ ಚೆಲ್ಲಿದರೋ, ಒಂದು ಇಡೀ ಕಾಡಿಗಾಗುವಷ್ಟು. ಇವತ್ತು ಎರಡೇ ಲೋಟ, ನನಗೊಂದು, ಅವನ ತಾಯಿ ಅಮ್ಮಿಗೊಂದು. ನಿನ್ನೆ ಮೂರನೆಯ ದಿನದ ಜಿಯಾರತ್ ಮುಗಿಯಿತು, ಹಾಸಿದ್ದ ಜಮಖಾನೆಗಳನ್ನು ಝಾಡಿಸಿ ಒಯ್ದರು, ನನ್ನ ತಾಯಿಯೂ ಸೇಡಂ ಬಸ್ಸಿಗೆ ಹೋದಳು, ಅಬ್ಬಾಗೆ ಇಂಜೆಕ್ಷನ್ ಕೊಡುವವರಿಲ್ಲ, ಮತ್ತೆ ಬರ್ತೀನಿ ಅಂದಳು, ಬಸ್ಸಿನ ಹೊತ್ತಾಯಿತು ಎಂದು ಅರ್ಧ ಅಳು ಬಿಟ್ಟು ಎದ್ದಳು. ಮನೆ ಎಂದಿನಂತಿದೆ. ಎಂದಿನಂತಿರುವುದೇ — ಗೋಡೆಯಾಚೆ ಸಾಬಣ್ಣನ ಪಾಲಿಶ್ ಮಷೀನು ಶುರುವಾಯಿತು, ಮೂರು ದಿನ ಬಂದ್ ಇತ್ತು, ನಮ್ಮ ಮನೆಯಲ್ಲಿ ಸಾವು ಎಂದು ಅವನು ಸ್ವಿಚ್ಚು ಹಾಕಿರಲಿಲ್ಲ, ಈಗ ಕಲ್ಲಿನ ಮೇಲೆ ಚಕ್ರ ತಿರುಗುವ ಕಿರ್ರನೆ ಸದ್ದು, ನೆಲದಿಂದ ಏರಿ ಹಲ್ಲಿನೊಳಗೆ ಕೂರುವ ಸದ್ದು, ಮದುವೆಯಾಗಿ ಶಹಾಬಾದಿಗೆ ಬಂದ ಹೊಸತರಲ್ಲಿ ಇದಕ್ಕೆ ತಲೆನೋವು ಬರುತ್ತಿತ್ತು, ಈಗ ಇದು ಇಲ್ಲದ ಮೂರು ದಿನ ಕಿವಿ ಕಿವುಡಾದಂತಿತ್ತು. ಸಾಬಣ್ಣ ಗೋಡೆಯ ಮೇಲಿಂದ ತಲೆ ಹಾಕಿ ಕೇಳುತ್ತಿದ್ದ, ಏನ್ರಿ ಮುಬೀನ್ ಸಾಹೇಬ್ರ, ನಿಮ್ಮ ಫೌಜು ಹಳ್ಳ ದಾಟ್ತೋ ಇಲ್ಲೋ, ಮುಬೀನ ಒಳಗಿನಿಂದಲೇ, ನೀರು ಇನ್ನಾ ಒಣಗಿಲ್ಲೋ ಮಾರಾಯ, ಸಾಬಣ್ಣ, ನೀರು ಒಣಗಿದ ಮ್ಯಾಲ ದಾಟೋದಾದ್ರ ಫೌಜು ಯಾಕ್ ಬೇಕ್ರಿ, ನಮ್ಮ ಎಮ್ಮಿನೂ ದಾಟ್ತಾವ. ಇವತ್ತು ತಲೆ ಕಾಣಲಿಲ್ಲ, ಗೋಡೆ ಅಷ್ಟೇ. ಅಮ್ಮಿ ಲೋಟ ಹಿಡಿದು ಕೂತಿದ್ದಾಳೆ, ಕುಡಿಯುತ್ತಿಲ್ಲ, ಮನೆಯಲ್ಲಿ ಉರ್ದು ಆಡುವ ಹೆಂಗಸು, ಸಿಟ್ಟು ಬಂದಾಗ ಮತ್ತು ಸಾಬಣ್ಣ ಬಂದಾಗ ಕನ್ನಡ, ಮೂರು ದಿನದಿಂದ ಯಾವುದೂ ಇಲ್ಲ. ಹಿಂದಿನ ಕೋಣೆಯ ಬಾಗಿಲು ಹಾಕಿದೆ, ಅಲ್ಲಿ ಕಾಡು ಇದೆ.

ಕಾಡು ಎಂದರೆ ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಅಮ್ಮಿಯ ಹಳೆಯ ಹೊಲಿಗೆ ಮಷೀನಿನ ಕಬ್ಬಿಣದ ಕಾಲುಗಳ ಮೇಲೆ. ಡಯೋರಾಮಾ ಅಂತಾರ ಅಸ್ಫಿಯಾ ಇದಕ್ಕ, ಒಂದು ಗಳಿಗಿ ಹಿಡದು ನಿಲ್ಲಿಸಿದಂಗ, ಎಂದು ಮುಬೀನ ಮೊಬೈಲಿನಲ್ಲಿ ಒಂದು ಪುಟ್ಟ ಮಾದರಿ ತೋರಿಸಿದ, ಯಾವುದೋ ದೇಶದ ಗಡ್ಡದವನು ಚಿಮಟಿಗೆಯಿಂದ ಎಲೆ ಅಂಟಿಸುತ್ತಿದ್ದಾನೆ, ಒಂದೊಂದು ಎಲೆಯೂ ಡಬ್ಬಿಯಲ್ಲಿ ಬಂದದ್ದು, ನಮಗ ಅವು ಆಗಂಗಿಲ್ಲ, ನಾವು ನಮ್ಮ ಕಸದಾಗೇ ಕಟ್ಟೋಣು, ವಾಡಿಯಲ್ಲಿ ಬೋರ್ಡು ಬರೆಯುವ ಅಂಗಡಿ ಅವನದು, ಬ್ರಶ್ಶು ಬಣ್ಣ ಹೇಗೂ ಇದ್ದವು, ಉಳಿದದ್ದಕ್ಕೆಲ್ಲ ಮನೆಯೇ ಗಣಿ. ಹಳೆಯ ಕಾಲೊರಸಿನ ನಾರು ಹುಲ್ಲಾಯಿತು, ಟೀವಿ ಬಂದ ಡಬ್ಬಿಯ ಥರ್ಮಾಕೋಲು ದಿಬ್ಬವಾಯಿತು, ತೊಗರಿಕಟ್ಟಿಗೆಯ ಬೇರು ತಲೆಕೆಳಗಾಗಿ ನಿಂತು ಮರವಾಯಿತು, ಪಾತ್ರೆ ಉಜ್ಜುವ ಸ್ಪಂಜನ್ನು ಹಸಿರು ಬಣ್ಣ ಹಾಕಿ ನನ್ನ ಮಿಕ್ಸಿಯಲ್ಲಿ ತಿರುವಿದ, ಅದಾದ ಮೇಲೆ ಎಷ್ಟೋ ದಿನ ಶೇಂಗಾ ಚಟ್ನಿಯಲ್ಲಿ ಹಸಿರು ಚುಕ್ಕೆ, ಅಮ್ಮಿ ತಟ್ಟೆ ಮುಂದೆ ತಳ್ಳಿ, ನಿನ್ನ ಗಂಡ ನನಗ ಜಂಗಲ್ ತಿನಸ್ಲಿಕತ್ಯಾನ. ಫೌಜಿನ ಪ್ಲಾಸ್ಟಿಕ್ ಸಿಪಾಯಿಗಳು ಉರುಸಿನ ಬಜಾರಿನ ಪಾಕೀಟಿನವರು, ಎಲ್ಲರೂ ಒಂದೇ ಅಚ್ಚು, ಬ್ಲೇಡು ಕಾಯಿಸಿ ಒಬ್ಬನ ಮೊಣಕಾಲು ಮಡಿಸಿದ, ಒಬ್ಬನ ಕತ್ತು ತಿರುಗಿಸಿದ. ಮನ್ಯಾಗ ಮೂರ್ತಿ ಇದ್ರ ಅಲ್ಲಾ ಕಳಿಸೋ ಫರಿಷ್ತೆಗೋಳು ಒಳಗ ಬರಂಗಿಲ್ಲ, ಎಂದು ಅಮ್ಮಿ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಮುಬೀನ ಒಬ್ಬೊಬ್ಬನನ್ನೇ ಅಂಗೈಯಲ್ಲಿಟ್ಟು ಮುಖ ಉಜ್ಜಿ ಸಪಾಟು ಮಾಡಿದ, ನೋಡು ಅಮ್ಮಿ, ಕಣ್ಣಿಲ್ಲ ಮೂಗಿಲ್ಲ, ಮೂರ್ತಿ ಹ್ಯಾಂಗಾತು, ಅಮ್ಮಿ ಕನ್ನಡಕ ಹಾಕಿ ಎಲ್ಲರನ್ನೂ ಪರೀಕ್ಷೆ ಮಾಡಿ, ಇವನ ಮೂಗು ಇನ್ನಾ ಅದ, ಎಂದು ಒಬ್ಬನನ್ನು ಹಿಂದಕ್ಕೆ ಕೊಟ್ಟಳು. ಟೊಪ್ಪಿಗೆಯ ನೆರಳಲ್ಲಿ ಮುಖ ಇಲ್ಲದಿರುವುದು ಕಾಣುವುದೇ ಇಲ್ಲ. ಕೊನೆಯವನು ಹಿಂದಕ್ಕೆ ನೋಡುತ್ತ ನಡೆಯುತ್ತಾನೆ, ಯಾಕೆ ಅಂದರೆ, ಹಿಂದಿಂದ ಬರೋದು ಯಾರಿಗೂ ಕಾಣಂಗಿಲ್ಲ, ಅದಕ್ಕ ಒಬ್ಬನ್ನ ಅದಕ್ಕೇ ಇಟ್ಟಿರ್ತಾರ. ಪಾಚಿ ತರಲು ಚಿಂಚೋಳಿಯ ಕಾಡಿಗೆ ಹೋಗಿದ್ದೆವು, ಬೈಕಿನ ಮೇಲೆ, ಕಾಳಗಿಯಲ್ಲಿ ಮಿರ್ಚಿಭಜಿ ತಿಂದು, ಚಂದ್ರಂಪಳ್ಳಿ ಕೆರೆಯ ಕಲ್ಲುಗಳಿಂದ ಅವನು ಚೂರಿಯಲ್ಲಿ ಪಾಚಿ ಎಬ್ಬಿಸುತ್ತಿದ್ದಾನೆ, ನಾನು ಡಬ್ಬಿ ಹಿಡಿದಿದ್ದೇನೆ, ಇದು ಬೇಸಿಗ್ಯಾಗ ಎಲಿ ಉದುರೋ ಕಾಡು, ನೀವು ಮಾಡ್ಲಿಕತ್ತಿದ್ದು ವರ್ಷಪೂರ್ತಿ ಹಸಿರಿರೋ ಕಾಡು, ಎರಡೂ ಒಂದಲ್ಲ, ಎಂದೆ, ಭೂಗೋಳದಲ್ಲಿ ಎಂ.ಎ. ಮಾಡಿದ್ದು ಆ ಒಂದು ಮಧ್ಯಾಹ್ನ ಉಪಯೋಗಕ್ಕೆ ಬಂತು, ಅವನು ತಲೆ ಎತ್ತದೆ, ನಿನ್ನ ಪುಸ್ತಕದ ಕಾಡಿನ್ಯಾಗ ನಾ ಹೋಗಿಲ್ಲ, ನನಗ ಗೊತ್ತಿದ್ದ ಕಾಡು ಇದೊಂದೇ, ಇಲ್ಲೇ ಫೌಜು ಇಳಸ್ತೀನಿ. ಮೊದಲ ಸಲ ಪ್ಲೈವುಡ್ಡಿನ ತುಂಡಿನ ಮೇಲೆ ಕಟ್ಟಿದ, ಫೆವಿಕಾಲಿನ ನೀರು ಕುಡಿದು ಹಲಗೆ ಡೊಂಕಾಯಿತು, ದಿಬ್ಬ ಸೀಳಿತು, ಕಾಡು ನಡುವೆ ಬಾಯಿ ಬಿಟ್ಟಿತು, ಎರಡು ದಿನ ಸುಮ್ಮನೆ ಅದನ್ನೇ ನೋಡಿ ಕೂತ, ಆಮೇಲೆ ಶಹಾಬಾದಿನಲ್ಲಿ ಹುಟ್ಟಿದವನಿಗೆ ಮಾತ್ರ ಹೊಳೆಯುವ ಉಪಾಯ ಹೊಳೆಯಿತು, ಕಲ್ಲು ಡೊಂಕಾಗಂಗಿಲ್ಲ! ನೆಲಕ್ಕೆ ಪರಸಿ, ಗೋಡೆಗೆ ಪರಸಿ, ಒಲೆಕಟ್ಟೆಗೆ ಪರಸಿ, ನಮ್ಮೂರಿನಲ್ಲಿ ಎಲ್ಲದಕ್ಕೂ ಆ ಬೂದು ಹಾಸುಗಲ್ಲೇ, ಕಾಡಿಗೂ ಇರಲಿ. ಸಾಬಣ್ಣನಲ್ಲಿರುವವು ಚೌಕದ ಕಲ್ಲು, ಇವನಿಗೆ ಬೇಕಾದದ್ದು ಉದ್ದನೆಯದು, ಕಿರಿದು, ಗಟ್ಟಿ. ಅಂಥ ಪರಸಿ ಒಂದೇ ಕಡೆ ಒಟ್ಟಿಟ್ಟಿರುತ್ತಾರೆ.

ಖಬರಸ್ಥಾನದ ಮೂಲೆಯ ಶೆಡ್ಡಿನಲ್ಲಿ. ಗುಂಡಿಯಲ್ಲಿ ಸತ್ತವರನ್ನು ಮಲಗಿಸಿ ಅವರ ಮೇಲೆ ಅಡ್ಡಡ್ಡ ಹಾಸುವವು, ಒಂದರ ಪಕ್ಕ ಒಂದು, ಆಮೇಲೆ ಮಣ್ಣು, ಮಣ್ಣು ಮೈಮೇಲೆ ಬೀಳಬಾರದು ಎಂದು. ನೋಡಿಕೊಳ್ಳುವವರು ಚಾಂದ್ ಚಾಚಾ, ಮುಬೀನ ಕೇಳಿದಾಗ ನಕ್ಕರಂತೆ, ಸತ್ತವರ ಪರಸಿ ಮ್ಯಾಲ ಆಟ ಕಟ್ಟತಿಯೇನೋ ಹುಚ್ಚ, ಒಯ್ಯಿ, ಬ್ಯಾರೆ ಸಿಕ್ಕ ಕೂಡ್ಲೆ ತಂದಿಡು, ಇವನು ಬೈಕಿನ ಹಿಂದೆ ಹಗ್ಗದಿಂದ ಕಟ್ಟಿ ತಂದ, ನಾನು ಬಾಗಿಲಲ್ಲೇ ನಿಂತು, ಅದು ಇಟ್ಟು ಬರ್ರಿ, ಅಂದೆ, ಅವನು ಒಳಗೆ ಹೊತ್ತು ತರುತ್ತ, ಅಲ್ಲಿ ಅಷ್ಟೊಂದು ಬಿದ್ದಾವ, ಯಾರಿಗೂ ಅವಸರ ಇಲ್ಲ, ಬ್ಯಾರೆದು ತಂದಿಡ್ತೀನಿ, ಫೆವಿಕಾಲಿನ ನದಿ ಒಂದು ಒಣಗಲಿ. ನದಿ ಒಣಗಲಿಲ್ಲ. ವಾಡಿಯಿಂದ ಬರುತ್ತಿದ್ದ, ಕಲ್ಲು ಕೊರೆದ ಬಿಳಿ ಕೆಸರನ್ನು ಯಾರೋ ರಸ್ತೆಯ ಅಂಚಿಗೆ ಸುರಿದು ಹೋಗಿದ್ದರು, ನಾಕು ಹನಿ ಮಳೆ, ಬೈಕು ಜಾರಿತು, ಅಷ್ಟೇ, ಹೇಳಲು ಇಷ್ಟೇ ಇರುವುದು, ಬಂದವರಿಗೆಲ್ಲ ಇಷ್ಟನ್ನೇ ಹೇಳಿದೆವು, ಇನ್ನೂ ಏನೋ ಇರಬೇಕೆಂಬಂತೆ ಅವರು ಕೂತೇ ಇರುತ್ತಿದ್ದರು. ಜನಾಜಾದ ಮುಂದೆ ನಿಂತು ಮೈದುನ ತಾರೀಕ ಕೂಗಿ ಹೇಳಿದನಂತೆ, ನಮ್ಮಣ್ಣ ಯಾರ ಹತ್ರಾದ್ರೂ ಏನಾದ್ರೂ ತಗೊಂಡಿದ್ರ ಹೇಳ್ರಿ, ನಾವು ಕೊಡ್ತೀವಿ, ಇಲ್ಲಾಂದ್ರ ಮಾಫ್ ಮಾಡ್ರಿ, ಹಾಗೆ ಕೇಳಿಯೇ ಒಯ್ಯುವುದು, ಹೊತ್ತ ಭಾರದ ಜೊತೆ ಯಾರನ್ನೂ ಮಣ್ಣಿಗೆ ಕೊಡುವುದಿಲ್ಲ, ಯಾರೂ ಬಾಯಿ ಬಿಡಲಿಲ್ಲವಂತೆ, ಗೊತ್ತಿದ್ದವಳು ನಾನು ಒಳಗಿನ ಕೋಣೆಯಲ್ಲಿ, ಹೆಂಗಸರ ನಡುವೆ, ಯಾರೋ ನನ್ನ ಬಳೆ ತೆಗೆಯುತ್ತಿದ್ದರು, ಹೊರಗಿನ ಮಾತು ಒಳಗೆ ಕೇಳಲಿಲ್ಲ, ಕೇಳಿದ್ದರೂ ನಾಲಿಗೆ ಎಲ್ಲಿತ್ತು. ನಿನ್ನೆ ಜಿಯಾರತಿನ ಊಟಕ್ಕೆ ಕೂತವರ ಜೊತೆ ತಾರೀಕ ಸುಮ್ಮನೆ ಆಡಿದ ಮಾತು, ಪರದೆಯ ಈಚೆಗೆ ಬಂದದ್ದು, ಎಲ್ಲಾ ಛಲೋ ಆತು, ಜನ ಭಾಳ ಬಂದಿದ್ರು, ಪರಸಿ ಒಂದು ಕಡಿಮಿ ಬಿತ್ತು ನೋಡ್ರಿ, ಚಾಂದ್ ಚಾಚಾ ಎಣಿಸೀನಿ ಅಂತಾರ, ಎಲ್ಲಿ ಹೋತೋ, ಎರಡು ಒಡಕಲ್ಲು ಜೋಡಿಸಿ ಸಂದಿಗೆ ಮಣ್ಣು ಮೆತ್ತಿ ಮುಚ್ಚಿದ್ವಿ, ಯಾರೋ, ಖೀರು ಇನ್ನೊಂದೀಟು ಹಾಕ್ರಿ, ಅಂದರು. ಒಂದು ಪರಸಿಯ ಅಗಲ. ಅದು ಎಷ್ಟೆಂದು ನನಗೆ ಅಳತೆ ಬೇಕಿಲ್ಲ, ಹಿಂದಿನ ಕೋಣೆಯ ಬಾಗಿಲು ತೆರೆದರೆ ಕಾಣುತ್ತದೆ, ಫೌಜು ನಿಂತಿರುವಷ್ಟು. ಅಷ್ಟು ಜಾಗ ಬಿಟ್ಟು ಅವನನ್ನು ಮುಚ್ಚಿದರು. ಮೆತ್ತಿದ ಹಸಿ ಮಣ್ಣು, ಮೇಲಿನಿಂದ ಸಲಿಕೆಯ ಮಣ್ಣು ಧಪ್ಪೆಂದು, ಒಡಕಲ್ಲು ಕದಲಿತೇ, ಅವನು ಯಾವ ಪರಸಿ ತಂದಿದ್ದನೋ ಅದೇ ಅವನಿಗೆ ಇಲ್ಲ, ಇದನ್ನು ಅಮ್ಮಿಗೆ ಹೇಳಲೇ, ಹೇಳಿದರೆ ಏನಾಗುತ್ತದೆ, ಮತ್ತೆ ಅಗೆಯುತ್ತಾರೆಯೇ, ಅಗೆಯುವುದಿಲ್ಲ. ಹೋಗಿ ನೋಡಲು ಬರುವುದಿಲ್ಲ, ಇದ್ದತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯುವ ತನಕ ಈ ಹೊಸ್ತಿಲು ದಾಟುವಂತಿಲ್ಲ, ಮುಗಿದ ಮೇಲೂ ನಮ್ಮ ಕಡೆ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ, ದೂರದಿಂದ, ರಸ್ತೆಯಿಂದ, ಬಸ್ಸಿನ ಕಿಟಕಿಯಿಂದ.

ಮಸೀದಿಯ ಮೈಕು ಕರಕರ ಅನ್ನುತ್ತದೆ, ನಮಾಜಿನ ಹೊತ್ತಲ್ಲ, ಹಾಗಾದರೆ ಸಾವು, ಸಾಬಣ್ಣನ ಮಷೀನು ನಿಲ್ಲುತ್ತದೆ, ಅವನೂ ಕೇಳುತ್ತಾನೆ — ಸಾಯಿರಾ ಖಾಲಾ, ತೆಗ್ಗಿನ ಓಣಿಯ ಮುದುಕಿ, ಮಧ್ಯಾಹ್ನದ ನಮಾಜಾದ ಮೇಲೆ ಒಯ್ಯುವುದು. ನಿನ್ನೆ ನನ್ನ ಪಕ್ಕವೇ ಕೂತಿದ್ದಳು, ಎಲ್ಲರೂ ಸಬೂರಿ ಸಬೂರಿ ಅನ್ನುವಾಗ ಅವಳೊಬ್ಬಳು ಏನೂ ಅನ್ನದೆ ಅಡಿಕೆ ಕತ್ತರಿಸುತ್ತಿದ್ದಳು, ಏಳುವಾಗ ಒಂದು ಹೋಳು ನನ್ನ ಕೈಗಿಟ್ಟು, ಬಾಯಾಗ ಏನರೆ ಇರಲಿ, ಎಂದಳು. ಅಮ್ಮಿ ಇನ್ನಾಲಿಲ್ಲಾಹಿ ಅನ್ನುತ್ತ ಏಳುತ್ತಾಳೆ, ಅಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದು, ಹಸೀನಾಭಾಬಿ ಹಸೀನಾಭಾಬಿ, ಅಮ್ಮಿಯನ್ನು ಕರೆಯುವ ಚಾಂದ್ ಚಾಚಾರ ದನಿ, ನಾನು ಪರದೆಯ ಈಚೆಗೆ ಸರಿದೆ, ಅವರು ಒಳಗೆ ಬರುತ್ತಿಲ್ಲ, ಕಟ್ಟೆಯ ಹತ್ತಿರವೇ ನಿಂತಿದ್ದಾರೆ, ಹ್ಯಾಂಗ್ ಕೇಳಬೇಕೋ ತಿಳೀವಲ್ತು ಭಾಬಿ, ಮೊನ್ನೆ ನನ್ನ ತಲಿಗೇ ಬರಲಿಲ್ಲ, ಈಗ ಖಾಲಾಗ ಪರಸಿ ತೆಗೀಲಿಕ್ಕೆ ಹೋದಾಗ ಹೊಳೀತು, ಹೊಸಾ ಮಾಲು ಚಿತ್ತಾಪುರದಿಂದ ನಾಳಿ ಬರ್ತದ, ಇವತ್ತಿಗೆ ಒಂದು ಕಡಿಮಿ ಅದ, ಅದು ಮುಬೀನನ ಹತ್ರ ಅದ. ಅಮ್ಮಿಗೆ ಗೊತ್ತಿರಲಿಲ್ಲ, ಕಾಡಿನ ಕೆಳಗೆ ಏನಿದೆ ಎಂದು ಅಮ್ಮಿ ಎಂದೂ ಕೇಳಲಿಲ್ಲ, ಮುಖಗಳನ್ನಷ್ಟೇ ನೋಡಿದ್ದಳು. ಗೋಡೆಯ ಮೇಲಿಂದ ಸಾಬಣ್ಣ, ಅವನ ತಲೆ ಕಾಣುತ್ತದೆ, ಮೂರು ದಿನದ ಮೇಲೆ, ಕೂದಲೆಲ್ಲ ಕಲ್ಲಿನ ಹಿಟ್ಟು, ಚಾಚಾ ಅದು ಇರಲಿ ಬಿಡ್ರಿ, ಪಾಪ ಎಷ್ಟ್ ಆಸೆ ಪಟ್ಟು ಮಾಡ್ಯಾರ ಸಾಹೇಬ್ರು, ನಾ ಎರಡು ಚೌಕ ಕೂಡಿಸಿ ಅಳತಿಗೆ ಮಾಡಿ ಕೊಡ್ತೀನಿ, ರೊಕ್ಕಾನೂ ಬ್ಯಾಡ. ಹೌದು, ಹಾಗೆ ಮಾಡಲಿ, ಹಾಗೆ ಮಾಡಲಿ ಎಂದು ನನ್ನೊಳಗೆ ಯಾರೋ ಕೂಗುತ್ತಿದ್ದಾರೆ, ಅಮ್ಮಿ ಕನ್ನಡದಲ್ಲಿ, ಮೆಲ್ಲಗೆ, ನೀ ಕೊಟ್ರ ಅದು ನಿಂದು ಆಗ್ತದ ಸಾಬಣ್ಣ, ನನ್ನ ಮಗ ತಂದಿದ್ದು ನನ್ನ ಮಗನ ಮ್ಯಾಲೇ ಉಳೀತದ, ಅವನು ಅಲ್ಲಿ ಏನಂತ ಜವಾಬು ಕೊಡಬೇಕು, ಸಾಬಣ್ಣನ ತಲೆ ಇಳಿಯಿತು. ಅಮ್ಮಿ ಪರದೆ ಸರಿಸಿ ಒಳಗೆ ಬಂದಳು, ನನ್ನ ಮುಖ ನೋಡಲಿಲ್ಲ, ನೀನೇ ತೆಗಿ ಬೇಟಿ, ನಿನ್ನ ಕೈಲೆ ತೆಗಿ, ಬ್ಯಾರೆದವರು ಕೈ ಹಚ್ಚೋದು ಬ್ಯಾಡ. ಬೇಡ ಅಮ್ಮಿ ಎನ್ನಬಹುದಿತ್ತು. ನಾನು ನೀರು ಕಾಯಿಸಿದೆ.

ಬಾಗಿಲು ತೆರೆದ ಕೂಡಲೇ ಪಾಚಿಯ ವಾಸನೆ, ಯಾರೂ ನೀರು ಚಿಮುಕಿಸದೆ ಕಂದಾಗಿದೆ, ಅಂಚಿನ ಮರಗಳು ಕಿಟಕಿಯ ಗಾಳಿಗೆ ಅಲುಗುತ್ತವೆ, ಅವನು ಪುಟ್ಟಿ ಬಳಿಯುವ ತಗಡು ಅಲ್ಲೇ ಇದೆ, ಹಿಡಿಕೆಗೆ ಅವನ ಬೆರಳಿನ ಹಳದಿ ಬಣ್ಣ, ನನ್ನ ಬೆರಳು ಆ ಹಳದಿಯ ಮೇಲೆ. ಅಂಚಿಗೆ ಬಿಸಿನೀರು ಬಿಟ್ಟು ತಗಡು ತೂರಿಸಿದರೆ ದಿಬ್ಬ ಏಳುತ್ತದೆ, ಹಂಚಿನಿಂದ ರೊಟ್ಟಿ ಎಬ್ಬಿಸಿದಂತೆ ಸರಾಗ, ಇಷ್ಟು ಸರಾಗವಾಗಿ ಏಳಬಾರದಿತ್ತು, ಕಲ್ಲಿಗೆ ಫೆವಿಕಾಲು ಹಿಡಿಯುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೇ, ಮೊದಲ ಕಾಡು, ಏನು ಗೊತ್ತಿರುತ್ತದೆ, ತೊಗರಿಬೇರಿನ ಮರಗಳು ಬೇರಿಲ್ಲದೆ ಬಂದವು, ಚಹಾಪುಡಿ ಎಲ್ಲ ತೊಯ್ದು ಮತ್ತೆ ಚಹಾದ ಬಣ್ಣ ಬಿಟ್ಟಿತು, ನೆಲದ ಮೇಲೆ ಹರಿಯಿತು, ಸಿಪಾಯಿಗಳನ್ನು ಒಬ್ಬೊಬ್ಬನಾಗಿ ಎತ್ತಿ ಸೆರಗಿಗೆ ಹಾಕಿಕೊಳ್ಳುತ್ತಿದ್ದೇನೆ, ನದಿಯಲ್ಲಿ ನಿಂತವರು ಮಾತ್ರ ಬರುವುದಿಲ್ಲ, ಎಳೆದರೆ ಮೊಣಕಾಲಿಗೆ ಮುರಿಯುತ್ತಾರೆ, ಕಾಲು ನೀರಲ್ಲೇ. ಫೆವಿಕಾಲಿನ ಆ ನದಿಯನ್ನು ಅವನು ದಪ್ಪಗೆ ಸುರಿದಿದ್ದ, ಡಬ್ಬಿಯ ತಳ ಕೆರೆದು, ಪದರ ಪದರ ಹಾಕಬೇಕಂತ ಆ ಗಡ್ಡದವ ಹೇಳ್ತಾನ, ಅಷ್ಟ್ ದಿನ ಯಾರು ಕಾಯ್ತಾರ, ಮೇಲೆ ಕೆನೆಗಟ್ಟಿ ಗಟ್ಟಿಯಾಗಿದೆ, ತಗಡು ತಾಗಿದ ಕೂಡಲೇ ಕೆನೆ ಹರಿದು ಒಳಗಿನಿಂದ ಬೆಳ್ಳಗೆ, ಹಸಿಯಾಗಿ, ಒಂದು ದಪ್ಪ ಹನಿ ಮೇಲೆ ಬಂತು. ಇನ್ನೂ ಒಣಗಿಲ್ಲ. ಒಣಗಲಿ ಎಂದು ಹೇಳಿ ಹೋದದ್ದು ಇನ್ನೂ ಒಣಗುತ್ತಲೇ ಇದೆ, ಅವನು ಸುರಿದ ಹಾಗೆಯೇ, ಆ ದಿನ ಬೆಳಿಗ್ಗೆಯ ಹಾಗೆಯೇ ಒದ್ದೆ, ಬೆರಳಿಗೆ ಅಂಟಿತು, ತಣ್ಣಗಿತ್ತು, ನಾನು ಅಲ್ಲೇ ಕೂತೆ, ತಗಡು ಕೈಯಲ್ಲಿ, ಅಮ್ಮಿ ಬಾಗಿಲಲ್ಲಿ ಬಂದು ನಿಂತು, ಹೊತ್ತಾತು ಬೇಟಿ, ಅಲ್ಲಿ ಖಾಲಾಗ ಝಳಕಾ ಆಗ್ಲಿಕತ್ತದ, ಎಂದಳು. ನಾನು ಕೆರೆದೆ. ಸೆರಗಿನಿಂದ ಒರೆಸಿದೆ. ಸಿಪಾಯಿಗಳು ನೆಲಕ್ಕೆ ಬಿದ್ದು ಉರುಳಿದರು. ಪರಸಿಯ ಮೇಲೆ ಉಳಿದದ್ದು ಒಂದು ಹಸಿರು ಕಲೆ, ಎಷ್ಟು ತಿಕ್ಕಿದರೂ ಬಿಡದ್ದು, ಕಲ್ಲು ಕುಡಿದುಬಿಟ್ಟಿದೆ, ತಾರೀಕ ಬಂದು ಒಂದು ತುದಿ ಹಿಡಿದ, ಅಮ್ಮಿ ಇನ್ನೊಂದು ತುದಿ ಹಿಡಿದಳು, ಹೊಸ್ತಿಲ ತನಕ, ಹೊಸ್ತಿಲ ಆಚೆ ಚಾಂದ್ ಚಾಚಾ ಕೈ ಚಾಚಿದರು, ಹಸಿರು ನೋಡಿ, ಹಸಿರು ಮಗ್ಗಲು ಮ್ಯಾಲ ಮಾಡಿ ಹಾಸ್ತೀವಿ ಭಾಬಿ, ಖಾಲಾಗ ತಾಗಂಗಿಲ್ಲ. ಮುಬೀನಂದು ಮುಟ್ಟಿತು ಅಂತ ಅನ್ರಿ ಚಾಂದ್‌ಭಾಯಿ, ಎಂದು ಅಮ್ಮಿ, ಬಾಯಿ ಬಿಟ್ಟು ಅನ್ರಿ, ಅವರು ಎರಡೂ ಕೈಯಲ್ಲಿ ಕಲ್ಲು ಹಿಡಿದುಕೊಂಡೇ, ಮುಟ್ಟಿತು ಭಾಬಿ, ಅವನ ಮ್ಯಾಲ ಏನೂ ಇಲ್ಲ ಇನ್ನ. ಅಮ್ಮಿ ಮೊದಲ ಸಲ ಅತ್ತಳು, ಹಗುರಾದವಳ ಹಾಗೆ, ನನಗೆ ಹಗುರಾಗಲಿಲ್ಲ, ಚಾಚಾ, ಎಂದಿತು ಒಂದು ದನಿ, ನನ್ನದೇ, ಪರದೆಯ ಈಚೆಯಿಂದ, ನಮ್ಮವರಿಗೆ ಪರಸಿ ಕಡಿಮಿ ಬಿದ್ದಿದ್ದು ಯಾವ ಕಡಿ? ಕಾಲ ಕಡಿ ಬೇಟಿ, ಎಂದರು ಚಾಂದ್ ಚಾಚಾ, ಅದೇ ಉಸಿರಿಗೆ ತಾರೀಕ, ತಲಿ ಕಡಿ, ಎಂದ, ಇಬ್ಬರೂ ಒಮ್ಮೆಲೇ, ಪರಸಿ ಅವರ ನಡುವೆ ತೂಗುತ್ತಿದೆ, ಕಾಲ ಕಡಿನೇ ಭಾಬಿ, ನನಗ ನೆನಪು ತಪ್ಪಿತು, ಎಂದು ತಾರೀಕ, ನೆಲ ನೋಡುತ್ತ, ನಡೀರಿ ಚಾಚಾ ಹೊತ್ತಾತು, ಹೋದರು, ಚಪ್ಪಲಿಯ ಸದ್ದು, ತಳ್ಳುಗಾಡಿಯ ಮೇಲೆ ಕಲ್ಲು ಇಟ್ಟ ಸದ್ದು, ಗಾಲಿ ಹೊರಳಿದ ಸದ್ದು, ಓಣಿಯ ತಿರುವಿನಲ್ಲಿ ಅದೂ ಇಲ್ಲ, ಕಾಲ ಕಡೆ ಎಂದು ಇಟ್ಟುಕೊಳ್ಳೋಣ, ಕಾಲ ಕಡೆಯಾದರೆ ಪರವಾಗಿಲ್ಲ, ಒಂದಿಷ್ಟು ಮಣ್ಣು ಪಾದಕ್ಕೆ, ಪಾದಕ್ಕೆ ಮಣ್ಣು ಯಾರಿಗೆ ಆಗುವುದಿಲ್ಲ, ತಾರೀಕನಿಗೆ ತಪ್ಪಿರಬೇಕು, ತಪ್ಪಿರದಿದ್ದರೆ, ಎರಡು ಒಡಕಲ್ಲು, ನಡುವಿನ ಸಂದಿ, ಸಂದಿಯಲ್ಲಿ ಮೆತ್ತಿದ ಮಣ್ಣು, ಕೆಳಗೆ ಬಿಳಿ ಬಟ್ಟೆ, ಬಟ್ಟೆಯ ಕೆಳಗೆ ಮೂಗಿನ ಏಣು ಕಾಣುತ್ತದೆ, ಮೆತ್ತಿದ ಮಣ್ಣು ಬಿರುಕು ಬಿಡುತ್ತದೆ, ಒಂದು ಹೆಂಟೆ ಸಡಿಲಾಗುತ್ತದೆ, ಬೀಳುವುದಿಲ್ಲ, ಬಿಳಿ ಬಟ್ಟೆಯ ಮೇಲೆ, ಮೂಗಿನ ಏಣಿನ ಮೇಲೆ, ಇನ್ನೂ ಬೀಳುವುದಿಲ್ಲ, ಒಂದು ಹೆಂಟೆ,